ಮಡಿ ಮಷೀನಿನ ಮೇಲೆ ಒಂದು ಶ್ರೀ

ಮನುಷ್ಯಕುಲದ ಸಮಸ್ತ ಕಲಹಗಳಿಗೂ ಮೂಲ ಒಂದೇ: ಒಂದು ಸ್ಥಾನ, ಇಬ್ಬರು ಹಕ್ಕುದಾರರು. ರಾಜ್ಯಗಳು ಮುಳುಗಿದ್ದು ಇದರಿಂದ, ಮನೆತನಗಳು ಒಡೆದದ್ದು ಇದರಿಂದ. ಈ ಮಹಾಸತ್ಯ ನನಗೆ ಹೊಳೆದದ್ದು ಕಲಬುರಗಿಯ ಬಸ್ ನಿಲ್ದಾಣದಲ್ಲಿ. ಕಮಲಾಪುರದ ಬಸ್ಸಿನ ಕಿಟಕಿಯಿಂದ ನಾನು ಒಳಗೆ ತೂರಿಸಿದ್ದ ಕರವಸ್ತ್ರದ ಮೇಲೆ ಯಾರೋ ತಮ್ಮ ಟವೆಲ್ಲು ಹಾಸಿ, ಅದರ ಮೇಲೆ ಕುಳಿತು, ಶೇಂಗಾ ಬಿಡಿಸುತ್ತಿದ್ದರು.

"ಇಲ್ಲಿ ನನ್ನ ಕರವಸ್ತ್ರ ಇತ್ತು" ಎಂದೆ.

"ಈಗೂ ಅದಲ್ರೀ" ಎಂದರು ಅವರು, ಏಳದೆ. "ಕೆಳಗ ಅದ."

ಆ ಬುಧವಾರ ನಾನು ಕಮಲಾಪುರಕ್ಕೆ ಹೊರಟಿದ್ದೂ ಇಂಥದೇ ಒಂದು ಸೀಟಿನ ವ್ಯಾಜ್ಯ ಬಿಡಿಸಲಿಕ್ಕೆ. ವ್ಯತ್ಯಾಸವಿಷ್ಟೆ, ಅಲ್ಲಿ ಬೇರೆಯವರ ಕರವಸ್ತ್ರದ ಮೇಲೆ ಟವೆಲ್ಲು ಹಾಸಿದವನು ನಾನಾಗಿದ್ದೆ.

ನನ್ನ ಉದ್ಯೋಗವನ್ನು ವಿವರಿಸುವುದು ಸುಲಭವಲ್ಲ. ತಾಯಿಗೆ ಇಪ್ಪತ್ತು ವರ್ಷ ವಿವರಿಸಿದೆ. ಕೊನೆಗೆ ಅವರು ಓಣಿಯವರಿಗೆಲ್ಲ "ಅವ ಕಂಪ್ಯೂಟರಿಗೆ ಬುತ್ತಿ ಕಟ್ತಾನ" ಎಂದು ಹೇಳತೊಡಗಿದರು. ಯೋಚಿಸಿದರೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ನನಗೂ ತಿಳಿದಿಲ್ಲ. ಹಣ್ಣು ಬೆಳೆಗಾರರ ಒಂದು ಒಕ್ಕೂಟದ ಕಲಬುರಗಿ ಕಚೇರಿಯಲ್ಲಿ ನನ್ನ ನೌಕರಿ. ಶರಣಬಸವೇಶ್ವರ ದೇವಸ್ಥಾನದ ಹಿಂದಿನ ಓಣಿಯಲ್ಲಿ ಎರಡು ಮೇಜು, ಮೂರು ಮಷೀನು, ಒಂದು ಕೂಲರ್ ಇರುವ ಕೋಣೆ. ಹೊಸ ತಂತ್ರಾಂಶ ಬಂದರೆ ಅದನ್ನು ಬಿಚ್ಚಿ, ನಮ್ಮ ಶಾಖೆಗಳಿಗೆ ಒಗ್ಗುವಂತೆ ಮತ್ತೆ ಕಟ್ಟಿ, ತಂತಿಯ ಮೂಲಕ ಎಲ್ಲ ಶಾಖೆಗಳ ಮಷೀನುಗಳಿಗೂ ಕಳಿಸುವುದು ನಮ್ಮ ಕೆಲಸ. ಬೆಳಿಗ್ಗೆ ಮಷೀನು ಚಾಲೂ ಆದ ಕೂಡಲೇ ಬುತ್ತಿ ತಾನೇ ಬಿಚ್ಚಿಕೊಳ್ಳುತ್ತದೆ, ಯಾರೂ ಏನನ್ನೂ ಒತ್ತಬೇಕಾಗಿಲ್ಲ. ಯಾರಾದರೂ ಅದನ್ನು ಕಿತ್ತುಹಾಕಿದರೆ ಮರುದಿನ ತಾನೇ ಬಂದು ಮತ್ತೆ ಕೂರುತ್ತದೆ. ಈ ಕೊನೆಯ ಏರ್ಪಾಡು ನನ್ನ ಸ್ವಂತ ಬುದ್ಧಿವಂತಿಕೆ. ಅದರ ಬಗ್ಗೆ ವಾರ್ಷಿಕ ಸಭೆಯಲ್ಲಿ ಹತ್ತು ನಿಮಿಷ ಮಾತಾಡಿದ್ದೇನೆ.

ಬುತ್ತಿ ಕಟ್ಟುವ ಕ್ರಮ ಹೀಗೆ. ಮದುವೆಗೆ ಮೊದಲು ಮನೆಯ ಪಾತ್ರೆಪಗಡೆಗಳನ್ನೆಲ್ಲ ಎಣಿಸಿ ಬರೆದಿಡಬೇಕು. ಮದುವೆ ಮುಗಿದ ಮೇಲೆ ಮತ್ತೊಮ್ಮೆ ಎಣಿಸಬೇಕು. ಹೆಚ್ಚಾದದ್ದೆಲ್ಲ ಬೀಗರ ಕಡೆಯಿಂದ ಬಂದದ್ದು ಎಂದು ತಿಳಿಯಬೇಕು. ನಾವೂ ಹಾಗೆಯೇ, ತಂತ್ರಾಂಶ ಹಾಕುವ ಮೊದಲು ಮಷೀನಿನೊಳಗೆ ಇರುವುದೆಲ್ಲದರ ಒಂದು ಚಿತ್ರ ತೆಗೆಯುತ್ತೇವೆ, ಹಾಕಿದ ಮೇಲೆ ಇನ್ನೊಂದು. ಎರಡರ ನಡುವಿನ ವ್ಯತ್ಯಾಸವೇ ಬುತ್ತಿ. ಈ ಕ್ರಮದಲ್ಲಿ ಒಂದೇ ಒಂದು ದೋಷವಿದೆ. ಮದುವೆಯ ಗದ್ದಲದಲ್ಲಿ ಪಕ್ಕದ ಮನೆಯವರು ತಮ್ಮ ಕೊಡ ಇಟ್ಟು ಹೋದರೆ ಅದೂ ಬೀಗರ ತಲೆಗೆ ಬರುತ್ತದೆ.

ಇನ್ನು ರಿಜಿಸ್ಟ್ರಿ. ಅದು ಮಷೀನಿನ ಪಹಣಿ ಪತ್ರಿಕೆ. ಯಾವ ಫಾಂಟು ಎಲ್ಲಿ, ಯಾವ ಪ್ರಿಂಟರು ಯಾರದು, ಕನ್ನಡ ಎಂದರೆ ಯಾವ ಕೀಲಿಮಣೆ, ಎಲ್ಲವೂ ಅಲ್ಲಿ ಒಂದೊಂದು ನಮೂದಾಗಿ ಇರುತ್ತದೆ. ಹೊಲದ ಪಹಣಿಯಲ್ಲಿ ಇಬ್ಬರ ಹೆಸರು ಬಂದರೆ ಕೋರ್ಟಿಗೆ ಹೋಗಬಹುದು, ಮೊಮ್ಮಕ್ಕಳ ಕಾಲಕ್ಕೆ ತೀರ್ಪೂ ಬರಬಹುದು. ರಿಜಿಸ್ಟ್ರಿಯಲ್ಲಿ ಕೋರ್ಟಿಲ್ಲ. ಎರಡು ತಂತ್ರಾಂಶಗಳು ಒಂದೇ ನಮೂದಿಗೆ ಕೈಹಾಕಿದರೆ ಕೊನೆಗೆ ಬರೆದವನದೇ ಹೊಲ. ಇದಕ್ಕೆಂದೇ ನಮ್ಮಲ್ಲಿ ಸಂಘರ್ಷ ವರದಿ ಎಂಬುದೊಂದಿದೆ. ಹೊಸ ಬುತ್ತಿ ಹಳೆಯ ಯಾವ ತಂತ್ರಾಂಶದ ನಮೂದನ್ನು ತುಳಿಯಲಿದೆ ಎಂದು ಅದು ಕೆಂಪು ಗೆರೆಯಲ್ಲಿ ಮುಂಚೆಯೇ ಹೇಳುತ್ತದೆ. ಹೇಳುವುದಷ್ಟೇ ಅದರ ಕೆಲಸ. ಕೇಳುವುದು ನಮ್ಮದು.

ಚಿತ್ರ ತೆಗೆಯುವ ಮಷೀನು ಶುದ್ಧವಾಗಿರಬೇಕು. ಅದರಲ್ಲಿ ಹೊರಗಿನ ಒಂದು ಅಕ್ಷರವೂ ಇರಕೂಡದು. ನಾನು ಅದನ್ನು ಮಡಿ ಮಷೀನು ಎನ್ನುತ್ತೇನೆ. ನನ್ನ ಸಹೋದ್ಯೋಗಿ ಇದೇ ಊರಿನ ಗಾಜಿಪುರದವರು. ಮನೆಯಲ್ಲಿ ದಖನಿ ಉರ್ದು, ಕಚೇರಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಅವರು ಅದನ್ನು ಪಾಕ್, ಅಂದರೆ ಪವಿತ್ರ, ಮಷೀನು ಎನ್ನುತ್ತಾರೆ. ಹೆಸರಿನ ಬಗ್ಗೆ ಹನ್ನೆರಡು ವರ್ಷಗಳಿಂದ ಒಮ್ಮತವಾಗಿಲ್ಲ, ಆದರೆ ಮುಟ್ಟಬಾರದೆಂಬುದರಲ್ಲಿ ಎರಡೂ ಪಂಥಗಳು ಒಂದೇ. ಅದರ ಮೇಲೆ ನನ್ನ ಕೈಯಾರೆ ಬರೆದ ರಟ್ಟೊಂದು ತೂಗುತ್ತದೆ: "ಮುಟ್ಟಬಾರದು. ನೋಡಬಹುದು. ದೂರದಿಂದ." ಈ ನಿಯಮ ಮುರಿದವರನ್ನು ನಾನು ಕ್ಷಮಿಸಿದ್ದಿಲ್ಲ. ಒಮ್ಮೆ ಲೆಕ್ಕಪರಿಶೋಧಕರೊಬ್ಬರು ಅದರ ಮೇಲೆ ಮೊಣಕೈ ಊರಿದ್ದಕ್ಕೆ ಅವರೆದುರೇ ಇಡೀ ಮಷೀನನ್ನು ಅಳಿಸಿ ಮೊದಲಿನಿಂದ ಕಟ್ಟಿದೆ.

ಮಂಗಳವಾರ ಬೆಳಿಗ್ಗೆ ಕಮಲಾಪುರ ಶಾಖೆಯಿಂದ ಫೋನು ಬಂತು. ಅಲ್ಲಿಯ ಬೆರಳಚ್ಚುಗಾರ್ತಿ. ಅವರನ್ನು ಇಡೀ ಒಕ್ಕೂಟವೇ ಅಕ್ಕೋರು ಎಂದು ಕರೆಯುತ್ತದೆ, ಅವರಿಗಿಂತ ಹಿರಿಯರು ಕೂಡ.

"ಸರ, ನಿಮ್ಮ ಬುತ್ತಿ ಹಳಸ್ಯದ ನೋಡ್ರಿ."

"ಏನಾತ್ರೀ?"

"ಕನ್ನಡ ಕೆಟ್ಟದ. ನಾ ಒಂದು ಒತ್ತಿದ್ರ ಅದು ಇನ್ನೊಂದು ಹೊಡೀತದ. ಮನ್ಯಾಗ ಹೆಂಗೂ ನಾ ಹೇಳಿದ್ದು ಯಾರೂ ಕೇಳಂಗಿಲ್ಲ, ಈಗ ಆಫೀಸಿನ್ಯಾಗೂ ಅದೇ ಹಣೆಬಾರ ಆತು."

"ಯಾವಾಗಿಂದ?"

"ಸ್ವಾಮವಾರ ಮುಂಜಾನಿಂದ. ನೀವು ಚೀಟಿ ಹೊಡ್ಯೋದು ಕಳಿಸಿದ್ರಲ್ಲ, ಅದು ಬಂದು ಕುಂತ ಮ್ಯಾಲ."

ಚೀಟಿ ಹೊಡೆಯುವುದು ಎಂದರೆ ಬಾಳೆಗೊನೆಗಳ ಪೆಟ್ಟಿಗೆಯ ಮೇಲೆ ಯಾವ ತೋಟದ್ದು, ಯಾವಾಗ ಕೊಯ್ದದ್ದು ಎಂಬ ಚೀಟಿ ಮುದ್ರಿಸುವ ಹೊಸ ತಂತ್ರಾಂಶ. ಹಿಂದಿನ ವಾರ ನಾನೇ ಅದರ ಬುತ್ತಿ ಕಟ್ಟಿ ಕಳಿಸಿದ್ದೆ. "ಸದರಿ ತಂತ್ರಾಂಶಕ್ಕೂ ಕನ್ನಡ ಕೀಲಿಮಣೆಗೂ ಯಾವುದೇ ವಿಧವಾದ ಸಂಬಂಧ ಇರತಕ್ಕದ್ದಲ್ಲ" ಎಂದು ಹೇಳಿದೆ. ನಾನು ಫೋನಿನಲ್ಲಿ ಇಂಥ ಭಾಷೆಗೆ ಏರಿದರೆ ತಪ್ಪು ನನ್ನದೇ ಎಂದು ಗಾಜಿಪುರದವರ ಸಿದ್ಧಾಂತ. ಅವರು ಆಗಲೇ ಕನ್ನಡಕ ಹಾಕಿಕೊಳ್ಳುತ್ತಿದ್ದರು.

"ಸಂಬಂಧ ಇರಲಿ ಬಿಡಲಿ" ಎಂದರು ಅಕ್ಕೋರು. ದನಿ ಸ್ವಲ್ಪ ಇಳಿಯಿತು. "ಗುರುವಾರ ಪರೀಕ್ಷಾ ಅದ ಸರ."

ಆಗ ನನಗೆ ನೆನಪಾಯಿತು. ಅಕ್ಕೋರು ಹನ್ನೊಂದು ವರ್ಷಗಳಿಂದ ತಾತ್ಕಾಲಿಕ ನೌಕರಿಯಲ್ಲಿದ್ದರು. ಪ್ರತಿ ಆರು ತಿಂಗಳಿಗೊಮ್ಮೆ ಅವರ ತಾತ್ಕಾಲಿಕತೆಯನ್ನು ಮುಂದುವರಿಸುವ ಆದೇಶ ಬರುತ್ತಿತ್ತು. ಆ ಆದೇಶವನ್ನು ಟೈಪು ಮಾಡುತ್ತಿದ್ದವರೂ ಅವರೇ. ಈ ವರ್ಷ ಆಡಳಿತ ಸಮಿತಿಗೆ ಅದೇನು ಹೊಳೆಯಿತೋ, ಕನ್ನಡ ಬೆರಳಚ್ಚಿನ ಪರೀಕ್ಷೆ ಮಾಡಿ ತೇರ್ಗಡೆಯಾದರೆ ಖಾಯಂ ಮಾಡುವುದೆಂದು ನಿರ್ಣಯಿಸಿತ್ತು. ಗುರುವಾರ ಹನ್ನೊಂದು ಗಂಟೆಗೆ, ಶಾಖೆಯ ಮಷೀನಿನ ಮೇಲೆಯೇ, ಹತ್ತು ನಿಮಿಷ. ತೇರ್ಗಡೆಯಾಗದಿದ್ದರೆ ಮಾರ್ಚ್ ಕೊನೆಗೆ ನೌಕರಿ ಮುಗಿಯಿತು, ಮುಂದುವರಿಕೆಯ ಆದೇಶವೂ ಇನ್ನಿಲ್ಲ.

ಅಕ್ಕೋರು ಟೈಪಿಂಗ್ ಕಲಿತದ್ದು ಕಬ್ಬಿಣದ ಯಂತ್ರದ ಮೇಲೆ. ಅದೇ ಹಳೆಯ ಟೈಪ್‌ರೈಟರ್ ಜೋಡಣೆಯ ತಂತ್ರಾಂಶ ಅವರ ಮಷೀನಿನಲ್ಲಿತ್ತು. ಕಣ್ಣು ಕಾಗದದ ಮೇಲೆ, ಬಾಯಿ ಪಕ್ಕದವರ ಜೊತೆ, ಬೆರಳು ಕೀಲಿಯ ಮೇಲೆ. ಮೂರೂ ಒಂದನ್ನೊಂದು ವಿಚಾರಿಸದೆ ಕೆಲಸ ಮಾಡುತ್ತಿದ್ದವು. ಆ ಬೆರಳುಗಳಿಗೆ ಎರಡು ದಿನದಲ್ಲಿ ಹೊಸ ಜೋಡಣೆ ಕಲಿಸುವುದೆಂದರೆ ಎಡಗೈ ಬಲಗೈ ಅದಲುಬದಲು ಮಾಡಿದಂತೆ.

"ತೆಗೆದು ಒಗೆದ್ರ ಆತಿಲ್ಲೋ?" ಎಂದೆ, ಶಾಸ್ತ್ರ ಬಿಟ್ಟು.

"ಬಾಜೂ ಮಷೀನಿನ್ಯಾಗ ತೆಗದು ನೋಡೇವಿ. ತೆಗದ ಮ್ಯಾಲ ಅದರಾಗ ಕನ್ನಡೇ ಹೋತು. ಅಕ್ಷರದ ಬದಲಿ ಬರೇ ಡಬ್ಬಿ ಡಬ್ಬಿ ಬಂದ್ವು. ಇವತ್ತು ಮುಂಜಾನಿ ನೋಡಿದ್ರ ನಿಮ್ಮದು ಮತ್ತ ತಾನೇ ಬಂದು ಕುಂತದ."

ನನ್ನ ಹತ್ತು ನಿಮಿಷದ ಭಾಷಣದ ಫಲ.

ಫೋನಿಟ್ಟ ಮೇಲೆ ನಾನು ತಯಾರಕರ ತಪ್ಪೆಂದು ತೀರ್ಮಾನಿಸಿ, ಅವರಿಗೆ ಒಂದು ಖಾರವಾದ ಪತ್ರ ಬರೆಯಲು ಕುಳಿತೆ. ಅರ್ಧ ಪುಟವಾಗಿತ್ತು. ಪತ್ರ ಚೆನ್ನಾಗಿತ್ತು. ಅಷ್ಟರಲ್ಲಿ ಗಾಜಿಪುರದವರು ಹಿಂದಿನ ವಾರದ ಸಂಘರ್ಷ ವರದಿ ತೆಗೆದು ನನ್ನ ಮುಂದೆ ಹಿಡಿದರು. ಅದರಲ್ಲಿ ಒಂದೇ ಕೆಂಪು ಗೆರೆಯಿತ್ತು. ಕನ್ನಡಕ್ಕೆ ಯಾವ ಕೀಲಿಮಣೆ ಎಂಬ ನಮೂದಿಗೆ ಇಬ್ಬರು ಹಕ್ಕುದಾರರು: ಕಮಲಾಪುರದ ಹಳೆಯ ಟೈಪಿಂಗ್ ತಂತ್ರಾಂಶ, ಮತ್ತು ನಮ್ಮ ಚೀಟಿ ಬುತ್ತಿ. ಗೆರೆಯ ಪಕ್ಕದಲ್ಲಿ "ಕಡೆಗಣಿಸಲಾಗಿದೆ" ಎಂದಿತ್ತು. ಅದರ ಪಕ್ಕದಲ್ಲಿ ಕಡೆಗಣಿಸಿದವರ ಹೆಸರು, ಸಮಯ. ಹೆಸರು ನನ್ನದು. ಸಮಯ ಒಂದು ಮೂವತ್ತೆರಡು. ಒಂದೂವರೆಗೆ ನಾನು ಬುತ್ತಿ ಬಿಚ್ಚುತ್ತೇನೆ. ಇದು ರೊಟ್ಟಿಯ ಬುತ್ತಿ.

"ಪುಂಡಿಪಲ್ಯ ಇದ್ದಿದ್ದ ದಿನಾ ಸರ" ಎಂದರು ಗಾಜಿಪುರದವರು. "ನನಗೂ ಕೊಟ್ಟಿದ್ರಿ. ಅದಕ್ಕ ನಾನೂ ಏನೂ ಅನ್ನಾಂಗಿಲ್ಲ."

"ಆದರೆ ಚೀಟಿಗೂ ಕೀಲಿಮಣೆಗೂ ಏನು ಸಂಬಂಧ? ಅದು ತಯಾರಕರೇ..."

ಅವರು ಮಡಿ ಮಷೀನಿನ ಮುಂದೆ ಕುಳಿತು ಎರಡನೆಯ ಚಿತ್ರವನ್ನು ತೆರೆದರು. ಹೊಸದಾಗಿ ಬಂದ ಕಡತಗಳ ಪಟ್ಟಿಯಲ್ಲಿ ಒಂದು ಪುಟ್ಟ ಕಡತವಿತ್ತು. ತೆರೆದರೆ ಒಳಗೆ ಒಂದೇ ಅಕ್ಷರ: ಶ್ರೀ.

ನಾನು ಎದ್ದು ಕೂಲರನ್ನು ಜೋರು ಮಾಡಿದೆ.

ನಮ್ಮ ಮನೆಯಲ್ಲಿ ಹೊಸ ಪುಸ್ತಕದ ಮೊದಲ ಪುಟದ ಮೇಲೆ ಶ್ರೀ ಬರೆಯದೆ ಇನ್ನೊಂದು ಅಕ್ಷರ ಬರೆಯುವಂತಿರಲಿಲ್ಲ. ಬರೆಯದೆ ಶುರುಮಾಡಿದ ಗಣಿತದ ಪುಸ್ತಕದಲ್ಲಿ ನನಗೆ ಏಳನೆಯ ಇಯತ್ತೆಯಲ್ಲಿ ಬಂದ ಅಂಕಗಳನ್ನು ತಂದೆ ಹಲವು ವರ್ಷ ಉದಾಹರಿಸಿದರು. ಆ ಅಭ್ಯಾಸ ಮಷೀನಿಗೂ ಬಂತು. ಹೊಸ ಕೆಲಸಕ್ಕೆ ಮೊದಲು ಮಷೀನಿಗೆ ಕನ್ನಡ ಕೀಲಿಮಣೆ ಹಾಕಿ, ಒಂದು ಶ್ರೀ ಟೈಪು ಮಾಡಿ, ಕೈಮುಗಿದು, ಎರಡನ್ನೂ ಅಳಿಸಿ, ಆಮೇಲೆ ಮೊದಲ ಚಿತ್ರ ತೆಗೆಯುತ್ತಿದ್ದೆ. ಚಿತ್ರಕ್ಕೆ ಮೊದಲು ಆದದ್ದು ಲೆಕ್ಕಕ್ಕಿಲ್ಲ, ಯಾರಿಗೂ ತೊಂದರೆಯಿರಲಿಲ್ಲ. ಆ ದಿನ ಮರೆತಿದ್ದೆ. ಮೊದಲ ಚಿತ್ರ ತೆಗೆದು, ಚೀಟಿ ತಂತ್ರಾಂಶ ಅರ್ಧ ಹಾಕಿದ ಮೇಲೆ ನೆನಪಾಯಿತು. ಮುಂದೆ ಹೋಗಲು ಮನಸ್ಸು ಬರಲಿಲ್ಲ. ಶುದ್ಧ ಮಷೀನಿನಲ್ಲಿ ಕನ್ನಡ ಎಲ್ಲಿಂದ ಬರಬೇಕು? ಆದ್ದರಿಂದ ನನಗೆ ರೂಢಿಯಿದ್ದ ಹೊಸ ಜೋಡಣೆಯ ಕನ್ನಡ ಕೀಲಿಮಣೆಯನ್ನು ಹಾಕಿ, ಶ್ರೀ ಬರೆದು, ಕಡತವನ್ನು ಅಳಿಸಲೂ ಮರೆತು, ಎರಡನೆಯ ಚಿತ್ರ ತೆಗೆದು, ಊಟಕ್ಕೆ ಎದ್ದಿದ್ದೆ. ಪಕ್ಕದ ಮನೆಯ ಕೊಡ ನನ್ನದೇ. ಒಂಬತ್ತು ಶಾಖೆಗಳ ಮಷೀನುಗಳಿಗೆ ಚೀಟಿಯ ಜೊತೆ ನನ್ನ ಶ್ರೀಯೂ ನನ್ನ ಕೀಲಿಮಣೆಯೂ ಹೋಗಿದ್ದವು. ಬೇರೆ ಶಾಖೆಗಳಲ್ಲಿ ಯಾರೂ ಹಳೆಯ ಜೋಡಣೆ ಬಳಸುತ್ತಿರಲಿಲ್ಲವಾದ್ದರಿಂದ ಅಲ್ಲಿ ಶುಭವೇ ಆಗಿತ್ತು.

ಗಾಜಿಪುರದವರು ತಲೆಯೆತ್ತಿ ನನ್ನ ರಟ್ಟನ್ನು ಓದಿದರು. ನಿಧಾನವಾಗಿ, ದನಿ ತೆಗೆದು. "ಮುಟ್ಟಬಾರದು. ನೋಡಬಹುದು. ದೂರದಿಂದ."

ಪತ್ರವನ್ನು ಹರಿದುಹಾಕಿದೆ. ಚೆನ್ನಾಗಿತ್ತು, ಪಾಪ.

ನನ್ನ ನಮೂದನ್ನು ಬುತ್ತಿಯಿಂದ ಹೊರಗೆಳೆಯುವುದು ಐದು ನಿಮಿಷದ ಕೆಲಸ. ಕಷ್ಟ ಬೇರೆಯದೇ ಇತ್ತು. ಬುತ್ತಿ ಹೊರಡುವಾಗ ತಾನು ತಂದದ್ದೆಂದು ತಿಳಿದದ್ದನ್ನೆಲ್ಲ ಹೊತ್ತೊಯ್ಯುತ್ತದೆ. ಕೀಲಿಮಣೆಯ ನಮೂದನ್ನು ಅದು ತನ್ನದೆಂದೇ ತಿಳಿದಿತ್ತು. ಹಾಗೆ ಒಯ್ದದ್ದಕ್ಕೇ ಪಕ್ಕದ ಮಷೀನಿನಲ್ಲಿ ಡಬ್ಬಿ ಡಬ್ಬಿ ಬಂದದ್ದು. ಆದ್ದರಿಂದ ಹೊಸ ಬುತ್ತಿ ಕಟ್ಟಿ, "ಹೋಗುವಾಗ ಈ ನಮೂದನ್ನು ಮುಟ್ಟಬೇಡ, ಇದು ಇಲ್ಲೇ ಉಳಿಯಲಿ" ಎಂದು ಅದಕ್ಕೆ ಗುರುತು ಹಾಕಿದೆ. ಅಕ್ಕೋರಿಗೆ ಹನ್ನೊಂದು ವರ್ಷಗಳಲ್ಲಿ ಸಿಗದಿದ್ದದ್ದು ಆ ನಮೂದಿಗೆ ಒಂದು ಟಿಕ್ಕಿನಲ್ಲಿ ಸಿಕ್ಕಿತು. ಆದರೂ ಒಂದು ಪ್ರಶ್ನೆ ಉಳಿಯಿತು. ಉಳಿಯುವ ನಮೂದಿನಲ್ಲಿ ಇರಬೇಕಾದ ಹಳೆಯ ಮೌಲ್ಯ ಏನು? ಎಂಟು ಅಂಕಿಯ ಒಂದು ಸಂಖ್ಯೆ. ಅದರ ಮೇಲೆ ನಾನು ಬರೆದಿದ್ದೆ, ಸಂಘರ್ಷ ವರದಿಯಲ್ಲಿ ನಮೂದಿನ ಹೆಸರಷ್ಟೇ ಇತ್ತು. ಹಳೆಯ ತಂತ್ರಾಂಶದ ಡಿಸ್ಕು ಯಾರ ಬಳಿಯೂ ಇರಲಿಲ್ಲ. ಅದನ್ನು ಮಾರಿದ ಅಂಗಡಿಗೆ ಗಾಜಿಪುರದವರು ಅದೇ ಸಂಜೆ ಹೋಗಿಬಂದರು. ಅಲ್ಲೀಗ ಚಪ್ಪಲಿ ಮಾರುತ್ತಿದ್ದರು. ಒಂದು ಜೊತೆ ಕೊಂಡುಕೊಂಡು ಬಂದರು.

ಹೀಗಾಗಿ ಬುಧವಾರ ಬೆಳಿಗ್ಗೆ ನಾವಿಬ್ಬರೂ ಕಮಲಾಪುರದ ಬಸ್ಸಿನಲ್ಲಿದ್ದೆವು. ಅವರು ಹೊಸ ಚಪ್ಪಲಿಯಲ್ಲಿ, ನಾನು ನಿಂತುಕೊಂಡು.

ಶಾಖೆಯ ಕಚೇರಿ ಊರೊಳಗೆ ಹೋಗುವ ರಸ್ತೆಯ ಮೇಲಿದೆ. ಮುಂದಿನ ಕಟ್ಟೆಯ ಮೇಲೆ ಕೆಂಪುಬಾಳೆಯ ಗೊನೆಗಳು ಸಾಲಾಗಿ ಒರಗಿದ್ದವು. ಅಕ್ಕೋರು ಬಾಗಿಲಲ್ಲೇ ನಿಂತಿದ್ದರು. ನಾನು "ಒಂದು ಸಣ್ಣ ತಾಂತ್ರಿಕ ದೋಷ" ಎಂಬ ಮಾತನ್ನು ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಗಾಜಿಪುರದವರು ಹೇಳಿಬಿಟ್ಟರು.

"ಸರ್ ನಿಮ್ಮ ಮಷೀನಿನ್ಯಾಗ ಶ್ರೀ ಬರದಾರ ಅಕ್ಕೋರೆ. ಅದಕ್ಕ ಆಗ್ಯದ."

ಅಕ್ಕೋರು ನನ್ನ ಕಡೆ ತಿರುಗಿದರು. "ಶ್ರೀ ಬರದ್ರ ಬ್ಯಾಡ ಅಂದವರ್ಯಾರು? ನಾನೂ ಬರೀತೀನಿ. ಮಂದಿ ಗ್ವಾಡಿ ಮ್ಯಾಲ ಯಾಕ ಬರೀಬೇಕ್ರೀ ಸರ?"

ಮಷೀನು ತೋರಿಸಿ ಎಂದು ಒಳಗೆ ನಡೆದೆ.

ಅವರು ಕುಳಿತು ತೋರಿಸಿದರು. ಬೆರಳು ಮಳೆಯಂತೆ ಓಡಿತು, ಪರದೆಯ ಮೇಲೆ ಯಾವ ಭಾಷೆಗೂ ಸೇರದ ಒಂದು ಸಾಲು ಮೂಡಿತು. "ಇದು 'ಮಾನ್ಯರೇ' ಅಂತ" ಎಂದರು. ನಗುತ್ತಲೇ ಹೇಳಿದರು, ಆದರೆ ಎರಡು ಕೈಗಳನ್ನೂ ಮಡಿಲಲ್ಲಿ ಇಟ್ಟುಕೊಂಡುಬಿಟ್ಟರು. ಆ ಕೈಗಳು ಸುಮ್ಮನಿದ್ದುದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಶಾಖೆಯಲ್ಲಿ ಮೂರು ಮಷೀನುಗಳು. ಮೂರರಲ್ಲೂ ನಮ್ಮ ಬುತ್ತಿ ಬಂದಾಗಿತ್ತು. ಹಳೆಯ ಸಂಖ್ಯೆ ಎಲ್ಲಿಯೂ ಇರಲಿಲ್ಲ. ನಾವು ಚಹಾ ಕುಡಿದೆವು. ಇನ್ನೊಮ್ಮೆ ಹುಡುಕಿದೆವು. ಗಾಜಿಪುರದವರು ಇದ್ದಕ್ಕಿದ್ದಂತೆ ಕೇಳಿದರು: "ಸಾಹೇಬ್ರ ಖೋಲಿಯಾಗ ಒಂದಿತ್ತಲ್ಲ? ಆ ನಾಲ್ಕನೇದು?"

ಶಾಖೆಯ ವ್ಯವಸ್ಥಾಪಕರನ್ನು ಎಲ್ಲರೂ ಸಾಹೇಬರು ಎನ್ನುತ್ತಾರೆ. ಅವರು ಕಾಗದವನ್ನು ನಂಬುವ ಮನುಷ್ಯ. ಒಳಗೆ ಹೋಗಿ ನೋಡಿದರೆ ಕಿಟಕಿಯ ಪಕ್ಕದ ಮೇಜಿನ ಮೇಲೆ, ಹೂವಿನ ಚಿತ್ತಾರದ ಪ್ಲಾಸ್ಟಿಕ್ ಮುಸುಕಿನಡಿ, ಮಷೀನೊಂದು ಧ್ಯಾನದಲ್ಲಿತ್ತು. ಹಣೆಯ ಮೇಲೆ ಕುಂಕುಮ, ಕೊರಳಲ್ಲಿ ಒಣಗಿದ ಚೆಂಡುಹೂವಿನ ಸರ.

"ಇದನ್ನ ಕಡೀಗಿ ಯಾವಾಗ ಚಾಲೂ ಮಾಡಿದ್ರಿ ಸಾಹೇಬ್ರ?" ಎಂದೆ.

"ಅದಾ? ದಸರಾಕ್ಕ ಪೂಜಾ ಮಾಡೇವಲ್ಲ."

"ಚಾಲೂ?"

ಸಾಹೇಬರು ವಿಚಾರ ಮಾಡಿದರು. "ಚಾಲೂ ಅಂದ್ರ... ಅದರ ಹಿಂದಿನ ದಸರಾಕ್ಕಿಂತ ಮೊದಲು." ಬಳಿಕ ಹೆಮ್ಮೆಯಿಂದ ಸೇರಿಸಿದರು: "ಆದ್ರ ನೋಡ್ರಿ, ಇಡೀ ಶಾಖಾದಾಗ ಒಮ್ಮಿನೂ ಕೆಡಲಾರದ ಮಷೀನ್ ಅಂದ್ರ ಇದೊಂದೇ."

ಆ ಮಾತನ್ನು ಅಲ್ಲಗಳೆಯುವಂತಿರಲಿಲ್ಲ. ಚಾಲೂ ಆಗದ ಮಷೀನಿಗೆ ನನ್ನ ಬುತ್ತಿ ತಲುಪುವುದಿಲ್ಲ. ಅದರೊಳಗೆ ಹಳೆಯ ತಂತ್ರಾಂಶವೂ, ಅದರ ನಮೂದೂ, ಆ ಎಂಟು ಅಂಕಿಯೂ ತುಳಸಿಕಟ್ಟೆಯಷ್ಟು ಪವಿತ್ರವಾಗಿ ಕುಳಿತಿದ್ದವು. ನಾನು ಹನ್ನೆರಡು ವರ್ಷ ರಟ್ಟು ಕಟ್ಟಿ ಕಾಯ್ದರೂ ಸಾಧಿಸಲಾಗದ ಮಡಿಯನ್ನು ಸಾಹೇಬರು ಬರೀ ಸೋಮಾರಿತನದಿಂದ ಸಾಧಿಸಿದ್ದರು.

ಆದರೆ ಒಂದು ಗಂಡಾಂತರವಿತ್ತು. ಜಾಲದ ನೀಲಿ ತಂತಿ ತಗುಲಿದ್ದೇ ಆದರೆ ಚಾಲೂ ಆದ ನಿಮಿಷದಲ್ಲೇ ಕಲಬುರಗಿಯಿಂದ ಬುತ್ತಿ ಓಡಿಬಂದು ಈ ಕೊನೆಯ ಸಾಕ್ಷಿಯನ್ನೂ ತುಳಿಯುತ್ತಿತ್ತು. ತಂತಿ ಗೋಡೆಯ ಬದಿಗೆ ಬಿದ್ದಿತ್ತು, ಪುಣ್ಯಕ್ಕೆ ತಗುಲಿರಲಿಲ್ಲ. ನಾನು ವಿದ್ಯುತ್ತಿನ ಗುಂಡಿ ಒತ್ತಿದೆ. ಮಷೀನು ಕೆಮ್ಮಿತು, ಧೂಳು ಕಾರಿತು, ಎದ್ದಿತು. ಸಾಹೇಬರ ಮುಖ ಅರಳಿತು.

"ಎಲ್ಲಾ ಬರೋಬರ್ ಜೋಡಸ್ರೆಲಾ ಮತ್ತ, ಅರ್ಧಮರ್ಧ ಯಾಕ?" ಎಂದು ಬಗ್ಗಿ ನೀಲಿ ತಂತಿಯನ್ನು ಎತ್ತಿಕೊಂಡರು.

"ನಕ್ಕೋ ಸಾಬ್! ಬ್ಯಾಡ್ರಿ!" ಎಂದು ಗಾಜಿಪುರದವರು ಕೂಗಿದರು. ಹೊಸ ಚಪ್ಪಲಿ ಜಾರಿತು, ಆದರೂ ತಂತಿಯ ತುದಿಯನ್ನು ಹಿಡಿದೇ ಬಿಟ್ಟರು. ಅದನ್ನು ಮುಷ್ಟಿಯಲ್ಲಿಟ್ಟುಕೊಂಡು, ಮುಷ್ಟಿಯನ್ನು ಜೇಬಿನಲ್ಲಿಟ್ಟುಕೊಂಡು, ಗೋಡೆಗೆ ಕಟ್ಟಿಹಾಕಿದವರಂತೆ ನಿಂತರು. "ಇಲ್ಲೇ ಇರ್ತದ್ರಿ. ನನ್ನ ಕಡೆ. ನೀವು ಕೂಡ್ರಿ."

ಅಷ್ಟರಲ್ಲಿ ಮಷೀನು ಗುಪ್ತಪದ ಕೇಳಿತು. ಸಾಹೇಬರು ಅದನ್ನು ಎಂದೋ ಮರೆತಿದ್ದರು. ಹೆಂಡತಿಯ ಹೆಸರು, ಮಗನ ಹೆಸರು, ಊರ ದೇವರ ಹೆಸರು ಹೇಳಿದರು. ಯಾವುದನ್ನೂ ಮಷೀನು ಒಪ್ಪಲಿಲ್ಲ. ಇನ್ನೊಮ್ಮೆ ತಪ್ಪಿದರೆ ಬಾಗಿಲು ಮುಚ್ಚುವೆನೆಂದು ಎಚ್ಚರಿಸಿತು.

ಬಾಗಿಲಲ್ಲಿ ನಿಂತಿದ್ದ ಅಕ್ಕೋರು ಒಳಗೆ ಬಂದರು. "ಸರೀರಿ ಸರ" ಎಂದು ನನ್ನನ್ನು ಏಳಿಸಿ, ಕುಳಿತು, ಏನನ್ನೋ ಒತ್ತಿದರು. ತೆರೆಯಿತು.

"ನಿನಗ ಹೆಂಗ ಗೊತ್ತು?" ಎಂದರು ಸಾಹೇಬರು.

"ಮೊದಲನೇ ದಿನ ನೀವೇ ಹೇಳೀರಲ್ರೀ, ನಾ ಮರೀತೀನಿ, ನೀ ಮರೀಬ್ಯಾಡ ಅಂತ."

ಸಂಖ್ಯೆ ಸಿಕ್ಕಿತು. ಬರೆದುಕೊಳ್ಳಲು ಕಾಗದ ಹುಡುಕಿದರೆ ಸಾಹೇಬರ ಕೋಣೆಯ ಎಲ್ಲ ಕಾಗದವೂ ದಾಖಲೆ. ಬಾಳೆಯ ಪೆಟ್ಟಿಗೆಯ ರಟ್ಟು ಹರಿದು ಅದರ ಮೇಲೆ ಎಂಟು ಅಂಕಿ ಬರೆದೆ. ಗಾಜಿಪುರದವರು ಓದಿದರು, ಅಕ್ಕೋರು ಓದಿದರು, ಮಷೀನಿನ ಜೊತೆ ಮೂರು ಸಲ ತಾಳೆ ನೋಡಿದೆವು. ಆಮೇಲೆ ಮಷೀನನ್ನು ಮಲಗಿಸಿ, ಮುಸುಕು ಹೊದಿಸಿ, ಹೂವಿನ ಸರವನ್ನೂ ಮೊದಲಿದ್ದಂತೆಯೇ ಇಟ್ಟೆವು.

"ಪರೀಕ್ಷಾ ಇದರ ಮ್ಯಾಲೇ ಆಗ್ಲಿ ಬಿಡ್ರಿ" ಎಂದು ಸಾಹೇಬರು ಉದಾರವಾಗಿ ನುಡಿದರು. "ಯಾರದೂ ಕಿರಿಕಿರಿ ಇಲ್ಲ."

ಅಕ್ಕೋರು ಬೇಡವೆಂದು ತಲೆಯಾಡಿಸಿದರು. "ನಾಳಿ ಇದರ ಮ್ಯಾಲ ಪಾಸಾಗ್ತೀನಿ, ಖರೇ. ನಾಡಿದ್ದಿನಿಂದ ಕೆಲಸ ಯಾವದರ ಮ್ಯಾಲ ಮಾಡ್ಲಿ? ನನ್ನ ಮಷೀನೇ ನೆಟ್ಟಗಾಗ್ಲಿ."

ಹೊಸ ಬುತ್ತಿಯನ್ನು ನಾನು ಜೊತೆಗೇ ತಂದಿದ್ದೆ. ಮೊದಲು ಅದನ್ನು ಹಾಕಿದೆ. ಅದು ಹಳೆಯದನ್ನು ಹೊರಗೆ ಕಳಿಸಿತು, ಗುರುತು ಹಾಕಿದ್ದ ನಮೂದನ್ನು ಮುಟ್ಟದೆ ಬಿಟ್ಟಿತು. ಆಮೇಲೆ ರಟ್ಟಿನ ಮೇಲಿನ ಎಂಟು ಅಂಕಿಗಳನ್ನು ಒಂದೊಂದಾಗಿ ಆ ನಮೂದಿನಲ್ಲಿ ಬರೆದೆ. ಕಲಬುರಗಿಯಿಂದ ಶಾಖೆಗಳಿಗೆ ಹೋಗುತ್ತಿದ್ದ ಹಳೆಯ ಬುತ್ತಿಯನ್ನು ಗಾಜಿಪುರದವರು ತಮ್ಮ ಫೋನಿನಿಂದಲೇ ತೆಗೆದುಹಾಕಿದರು. ಅಕ್ಕೋರು ಕುಳಿತು "ಮಾನ್ಯರೇ" ಎಂದು ಹೊಡೆದರು. ಪರದೆಯ ಮೇಲೆ ಮಾನ್ಯರ ಆಗಮನವಾಯಿತು.

ಅವರು ನಂಬಲಿಲ್ಲ.

"ಬಂದ್ ಮಾಡಿ ಚಾಲೂ ಮಾಡ್ರಿ."

ಮಾಡಿದೆ. ಮಾನ್ಯರೇ.

"ಇನ್ನೊಮ್ಮಿ."

ಮಾಡಿದೆ. ಮಾನ್ಯರೇ.

"ನಿಮ್ಮ ಬುತ್ತಿ ಬಲು ಶಾಣ್ಯಾ ಅದ ಸರ, ನಾವು ಹ್ವಾದ ಮ್ಯಾಲ ಬರ್ತದ. ಇನ್ನೊಮ್ಮಿ."

ಆರು ಸಲ ಆಯಿತು. ನಡುನಡುವೆ ಸಾಹೇಬರು ಕೆಂಪುಬಾಳೆ ಸುಲಿದು ಕೊಡುತ್ತಿದ್ದರು. ಮಷೀನು ಏಳುವಷ್ಟರಲ್ಲಿ ಒಂದು ಹಣ್ಣು ಮುಗಿಯುತ್ತಿತ್ತು, ಆದ್ದರಿಂದ ಎಷ್ಟು ಸಲ ಚಾಲೂ ಮಾಡಿದೆವೆಂಬುದಕ್ಕೆ ಸಿಪ್ಪೆಗಳ ಪುರಾವೆಯಿತ್ತು. ಆರನೆಯ ಸಲ ಅಕ್ಕೋರು ಪರದೆ ನೋಡದೆ, ನನ್ನನ್ನೇ ನೋಡುತ್ತ, ಒಂದು ಇಡೀ ಪುಟ ಹೊಡೆದರು. ತಪ್ಪಿರಲಿಲ್ಲ. ಆ ಪುಟ ರಜೆಯ ಅರ್ಜಿಯಾಗಿತ್ತು, ಅದರಲ್ಲಿ ನನ್ನ ಬಗ್ಗೆ ಒಂದು ವಾಕ್ಯವಿತ್ತು. ಅದನ್ನು ಇಲ್ಲಿ ಉದ್ಧರಿಸುವ ಅಗತ್ಯವಿಲ್ಲ.

ಹೊರಡುವಾಗ ಸಾಹೇಬರನ್ನು ಕೇಳಿದೆ: "ನಿಮ್ಮ ಮಷೀನಿಗೂ ಹೊಸ ಬುತ್ತಿ ಹಾಕಲೇನು?"

"ಅದರ ತಂಟಿಗಿ ಹೋಗಬ್ಯಾಡ್ರಿ" ಎಂದರು. ಆ ದನಿಯನ್ನು ನಾನು ಗುರುತಿಸಿದೆ. ನನ್ನ ರಟ್ಟಿನ ದನಿ ಅದು.

ಗುರುವಾರ ಹತ್ತೂಮುಕ್ಕಾಲಿಗೆ ನಾನು ಕಲಬುರಗಿಯ ಕೋಣೆಯಲ್ಲಿ ಏನೂ ಮಾಡಲು ತೋಚದೆ ಮಡಿ ಮಷೀನನ್ನು ಅಳಿಸಿ ಮೊದಲಿನಿಂದ ಕಟ್ಟುತ್ತಿದ್ದೆ. ಕಟ್ಟಿ ಮುಗಿದಾಗ ಕೈ ತಾನಾಗಿಯೇ ಕೀಲಿಮಣೆಯ ಕಡೆ ಹೋಯಿತು. ಗಾಜಿಪುರದವರು ತಲೆಯೆತ್ತದೆ ಹೇಳಿದರು: "ಒಳಗ ನಕ್ಕೋ ಸರ. ಹೊರಗ ಬರೀರಿ."

ತಮ್ಮ ಮೇಜಿನ ಡ್ರಾಯರಿನಿಂದ ಒಂದು ಪುಡಿಕೆ ತೆಗೆದು ನನ್ನ ಕಡೆ ಸರಿಸಿದರು. ಕುಂಕುಮ. ಬರುವಾಗ ದೇವಸ್ಥಾನದ ಮುಂದಿನ ಅಂಗಡಿಯಿಂದ ಕೊಂಡುತಂದಿದ್ದರು. ನಾನು ಮಷೀನಿನ ಡಬ್ಬಿಯ ಪಕ್ಕೆಯ ಮೇಲೆ, ಹೊರಗೆ, ಬೆರಳಿನಿಂದ ಶ್ರೀ ಎಂದು ಬರೆದೆ. ಮೊದಲ ಚಿತ್ರ ತೆಗೆದೆವು, ಎರಡನೆಯದನ್ನೂ ತೆಗೆದೆವು. ವ್ಯತ್ಯಾಸದ ಪಟ್ಟಿಯಲ್ಲಿ ದೇವರು ಬರಲಿಲ್ಲ.

ಹನ್ನೊಂದೂಕಾಲಿಗೆ ಕಮಲಾಪುರದಿಂದ ಸಾಹೇಬರ ಫೋನು ಬಂತು. ಅಕ್ಕೋರು ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದರು. ಖಾಯಂ ನೇಮಕದ ಆದೇಶ ಮುಂದಿನ ತಿಂಗಳು ಬಂತು, ಅದನ್ನು ಬೇರೆಯವರು ಟೈಪು ಮಾಡಿದ್ದರು.